ಹಳೆ ಲ್ಯಾಪ್‌ಟಾಪಿನಲ್ಲಿ 4ಕೆ ಮದುವೆ ವಿಡಿಯೋ ನಿಂತು ನಿಂತು ಓಡುತ್ತದೆ, ಯಾವ ಪ್ಲೇಯರ್, ಯಾವ ಕೋಡೆಕ್ ಹಾಕಲಿ?

ನೀವು ಕೇಳಿದ್ದು ಇಷ್ಟು. ಮನೆ ಹೊಸನಗರದ ಹತ್ತಿರ. ತಂಗಿಯ ಮದುವೆ ವಿಡಿಯೋವನ್ನು ಸ್ಟುಡಿಯೋದವರು 4ಕೆಯಲ್ಲಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದಾರೆ. ಲ್ಯಾಪ್‌ಟಾಪ್ ಐ3, 5ನೇ ಜನರೇಷನ್, 4 ಜಿಬಿ ರ‍್ಯಾಮ್. ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿದರೆ ವಾಲಗ ಸರಿಯಾಗಿ ಕೇಳುತ್ತದೆ, ಚಿತ್ರ ಮಾತ್ರ ನಿಂತು ನಿಂತು ಓಡುತ್ತದೆ. ಗೆಳೆಯರು ಕೋಡೆಕ್ ಪ್ಯಾಕ್ (ವಿಡಿಯೋವನ್ನು ಚಿಕ್ಕದಾಗಿ ಒತ್ತಿ, ಮತ್ತೆ ಬಿಡಿಸುವ ವಿಧಾನಗಳ, ಅಂದರೆ ಕೋಡೆಕ್‌ಗಳ ಕಟ್ಟು) ಹಾಕು ಅಂದಿದ್ದಾರೆ. ಯಾವ ಪ್ಲೇಯರ್, ಯಾವ ಪ್ಯಾಕ್?

ನಾನು ತೀರ್ಥಹಳ್ಳಿಯಲ್ಲಿ ಮದುವೆ, ಉಪನಯನ, ಯಕ್ಷಗಾನದ ವಿಡಿಯೋ ಎಡಿಟ್ ಮಾಡುವ ಕೆಲಸದಲ್ಲಿದ್ದೇನೆ. ನಿಮ್ಮ ಹಾಗೆ ಕೇಳುವವರು ಬರುತ್ತಲೇ ಇರುತ್ತಾರೆ. ಮೊದಲೇ ಹೇಳಿಬಿಡುತ್ತೇನೆ: ಕೋಡೆಕ್ ಪ್ಯಾಕ್ ಹಾಕಬೇಡಿ. ಪ್ಲೇಯರ್ ಬದಲಾಯಿಸಿದರೆ ಸ್ವಲ್ಪ ಸುಧಾರಿಸಬಹುದು, ಆದರೆ ನಿಮ್ಮ ತೊಂದರೆಯ ಬೇರು ಅಲ್ಲಿಲ್ಲ. ಆ ಫೈಲ್ ಯಾವ ಕೋಡೆಕ್‌ನಲ್ಲಿದೆ, ಅದನ್ನು ಬಿಡಿಸುವ ವ್ಯವಸ್ಥೆ ನಿಮ್ಮ ಚಿಪ್‌ನಲ್ಲಿ ಇದೆಯಾ, ನೋಡಬೇಕಾದ್ದು ಇದನ್ನು.

ವಿಡಿಯೋ ಫೈಲ್ ಅಂದರೆ ಒತ್ತಿ ಚಿಕ್ಕದು ಮಾಡಿದ ಚಿತ್ರಗಳ ಕಟ್ಟು. ನೋಡುವಾಗ ಸೆಕೆಂಡಿಗೆ 25 ಸಲವೋ 50 ಸಲವೋ ಅದನ್ನು ಬಿಡಿಸಬೇಕು. ಈ ಕೆಲಸವನ್ನು ಎರಡು ಥರ ಮಾಡಬಹುದು. ಒಂದು, ಗ್ರಾಫಿಕ್ಸ್ ಚಿಪ್‌ನೊಳಗೆ ಇದಕ್ಕೆಂದೇ ಇರುವ ಸರ್ಕ್ಯೂಟ್ ಮಾಡುತ್ತದೆ. ಇನ್ನೊಂದು, ಪ್ರೊಸೆಸರ್ ತಾನೇ ಲೆಕ್ಕ ಹಾಕಿ ಮಾಡುತ್ತದೆ. ಅಡಿಕೆಯನ್ನು ಸುಲಿಯುವ ಮೆಷಿನ್‌ಗೆ ಹಾಕುವುದಕ್ಕೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲೂ ಇದೆ. ಸರ್ಕ್ಯೂಟ್ ಇದ್ದರೆ ಹಳೆ ಲ್ಯಾಪ್‌ಟಾಪ್ ಕೂಡ ಬಿಸಿಯಾಗದೆ ಓಡಿಸುತ್ತದೆ. ಇಲ್ಲದಿದ್ದರೆ ಫ್ಯಾನ್ ಜೋರಾಗುತ್ತದೆ, ಚಿತ್ರ ಹಿಂದೆ ಬೀಳುತ್ತದೆ. ಆಡಿಯೋ ಬಿಡಿಸುವುದು ಹಗುರ ಕೆಲಸ, ಹಾಗಾಗಿ ವಾಲಗ ನಿಲ್ಲುವುದಿಲ್ಲ.

ಈಗ ಓಡಾಡುವ ಕೋಡೆಕ್‌ಗಳು ಮುಖ್ಯವಾಗಿ ನಾಲ್ಕು. ಎಚ್.264 ಬಂದಿದ್ದು 2003ರಲ್ಲಿ. ಕಳೆದ ಹತ್ತು ಹನ್ನೆರಡು ವರ್ಷದ ಯಾವ ಲ್ಯಾಪ್‌ಟಾಪ್, ಫೋನ್, ಟಿವಿ ಆದರೂ ಇದನ್ನು ಸಲೀಸಾಗಿ ಓಡಿಸುತ್ತದೆ. ಎಚ್.265 ಅಥವಾ ಎಚ್‌ಇವಿಸಿ 2013ರದ್ದು. ಇದು ಅದೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧ ಗಾತ್ರದಲ್ಲಿ ಕೂರಿಸುತ್ತದೆ, ಆದರೆ ಬಿಡಿಸುವುದು ಕಷ್ಟ. ಗೂಗಲ್‌ನ ವಿಪಿ9 ಕೂಡ 2013ರದ್ದೇ, ಯೂಟ್ಯೂಬ್‌ನಲ್ಲಿ ಜಾಸ್ತಿ ಕಾಣುತ್ತದೆ. ಎವಿ1 2018ರದ್ದು.

ಇಂಟೆಲ್ ಲೆಕ್ಕ ಹೀಗೆ. ಎಚ್‌ಇವಿಸಿಯನ್ನು ಪೂರ್ತಿ ಚಿಪ್‌ನಲ್ಲೇ ಬಿಡಿಸುವುದು ಶುರುವಾಗಿದ್ದು 6ನೇ ಜನರೇಷನ್‌ನಲ್ಲಿ, ಅದೂ 8 ಬಿಟ್‌ಗೆ (ಬಣ್ಣವನ್ನು ಎಷ್ಟು ಸೂಕ್ಷ್ಮವಾಗಿ ಬರೆದಿದೆ ಅನ್ನುವ ಲೆಕ್ಕ, 10 ಬಿಟ್ ಅದಕ್ಕಿಂತ ಸೂಕ್ಷ್ಮ). 10 ಬಿಟ್ ಎಚ್‌ಇವಿಸಿ, ವಿಪಿ9 ಎರಡಕ್ಕೂ 7ನೇ ಜನರೇಷನ್ ಬೇಕು. ಎವಿ1ಗೆ 11ನೇ ಜನರೇಷನ್. ನಿಮ್ಮದು 5ನೆಯದು. ಸ್ಟುಡಿಯೋದವರು ಎಚ್‌ಇವಿಸಿಯಲ್ಲಿ 4ಕೆ ಕೊಟ್ಟಿದ್ದರೆ, ಪಾಪ, ಆ ಐ3 ಎಷ್ಟು ಒದ್ದಾಡಿದರೂ ಮುಟ್ಟುವುದಿಲ್ಲ. ಮೇಲೆ ಏನೇ ಇನ್‌ಸ್ಟಾಲ್ ಮಾಡಿದರೂ ಇಲ್ಲದ ಸರ್ಕ್ಯೂಟ್ ಹುಟ್ಟಿಕೊಳ್ಳುವುದಿಲ್ಲ ಅಲ್ವಾ?

ಹಾಗಾದರೆ ಮೊದಲು ಫೈಲ್ ನೋಡಿ. ವಿಎಲ್‌ಸಿಯಲ್ಲಿ ವಿಡಿಯೋ ಓಡುತ್ತಿರುವಾಗ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಕೋಡೆಕ್ ಹೆಸರು, ರೆಸಲ್ಯೂಷನ್, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ, ಅಂದರೆ ಫ್ರೇಮ್) ಬರುತ್ತವೆ. ಪಕ್ಕದ ಸ್ಟ್ಯಾಟಿಸ್ಟಿಕ್ಸ್ ಟ್ಯಾಬ್‌ನಲ್ಲಿ ವಿಡಿಯೋ ಭಾಗದ ಕೆಳಗೆ ‘ಲಾಸ್ಟ್’ ಅಂತ ಒಂದು ಸಂಖ್ಯೆ ಇರುತ್ತದೆ. ಕೈತಪ್ಪಿದ ಫ್ರೇಮ್‌ಗಳ ಲೆಕ್ಕ ಅದು. ಚಿತ್ರ ಜರ್ಕ್ ಹೊಡೆದಾಗೆಲ್ಲ ಅದು ಏರುತ್ತಿದ್ದರೆ ಮಷಿನ್‌ಗೆ ಆಗುತ್ತಿಲ್ಲ ಅಂತ ಅರ್ಥ. ಬಿಟ್ ಡೆಪ್ತ್ (8 ಬಿಟ್ಟಾ, 10 ಬಿಟ್ಟಾ ಅನ್ನುವುದು), ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವುದು) ಸರಿಯಾಗಿ ನೋಡಬೇಕಾದರೆ ಮೀಡಿಯಾಇನ್ಫೋ ಅನ್ನುವ ಪುಟ್ಟ ಪ್ರೋಗ್ರಾಂ ಇದೆ, ಉಚಿತ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು ಒತ್ತಿ. ವಿಂಡೋಸ್ 10 ಅಥವಾ 11ರಲ್ಲಿ ‘ವಿಡಿಯೋ ಡಿಕೋಡ್’ (ಬಿಡಿಸುವ ಕೆಲಸ) ಅಂತ ಒಂದು ಗ್ರಾಫ್ ಕಾಣುತ್ತದೆ. ಅದು ಮೇಲೆದ್ದು, ಸಿಪಿಯು ಆರಾಮಾಗಿದ್ದರೆ ಸರ್ಕ್ಯೂಟ್ ಕೆಲಸ ಮಾಡುತ್ತಿದೆ. ಅದು ಸೊನ್ನೆಯಲ್ಲೇ ಮಲಗಿ ಸಿಪಿಯು ನೂರಕ್ಕೆ ಮುಟ್ಟಿದ್ದರೆ ಎಲ್ಲವೂ ಪ್ರೊಸೆಸರ್ ತಲೆಯ ಮೇಲೆ ಬಿದ್ದಿದೆ. ಹತ್ತು ಪ್ಲೇಯರ್ ಹಾಕಿ ನೋಡುವುದಕ್ಕಿಂತ ಈ ಗ್ರಾಫ್ ಒಂದನ್ನು ನೋಡುವುದು ಮೇಲು.

ಕೋಡೆಕ್ ಎಚ್.264 ಇದ್ದೂ ಗ್ರಾಫ್ ಸೊನ್ನೆ ಇದ್ದರೆ ಅದು ಸರಿಮಾಡಬಹುದಾದ ತೊಂದರೆ. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್/ಕೋಡೆಕ್ಸ್‌ಗೆ ಹೋಗಿ, ಹಾರ್ಡ್‌ವೇರ್ ಡಿಕೋಡಿಂಗ್ ಅನ್ನು ಆಟೋಮ್ಯಾಟಿಕ್‌ಗೆ ಇಡಿ. ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಡ್ರೈವರ್ ಬಿಟ್ಟುಹೋಗಿರುವ ಲ್ಯಾಪ್‌ಟಾಪ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿಗೇ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಪ್ಲೇಯರ್ ವಿಷಯ. ವಿಎಲ್‌ಸಿ ಸುಮ್ನೆ ಹೆಸರುವಾಸಿ ಆಗಿಲ್ಲ. ಪ್ಯಾರಿಸ್‌ನ ಒಂದು ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸ ಅದು. 2001ರಿಂದ ಎಲ್ಲರಿಗೂ ಮುಕ್ತವಾಗಿದೆ. ಹಾಳಾದ ಫೈಲ್, ಅರ್ಧ ಕಾಪಿ ಆದ ಫೈಲ್, ಹಳೆ ಡಿವಿಡಿ ಎಲ್ಲವನ್ನೂ ಓಡಿಸಲು ನೋಡುತ್ತದೆ. ನನ್ನ ಪ್ರೀತಿಯದ್ದು ಮಾತ್ರ ಎಂಪಿವಿ. ಬಟನ್ನು ಮೆನು ಕಡಿಮೆ, ಬಹಳ ಹಗುರ. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಹಾರ್ಡ್‌ವೇರ್ ಡಿಕೋಡಿಂಗ್ ಆನ್, ಮತ್ತೆ ಒತ್ತಿದರೆ ಆಫ್. ಐ ಒತ್ತಿದರೆ ಕೋಡೆಕ್, ಬಿಟ್ಟುಹೋದ ಫ್ರೇಮ್ ಎಲ್ಲ ಪರದೆಯ ಮೇಲೇ ಬರುತ್ತದೆ. ಎಚ್‌ಡಿಆರ್ (ಬೆಳಕು ಕತ್ತಲೆಯ ವ್ಯಾಪ್ತಿ ಹೆಚ್ಚಿರುವ) ವಿಡಿಯೋ ಸಾಮಾನ್ಯ ಪರದೆಯಲ್ಲಿ ಬೂದಿ ಬಳಿದ ಹಾಗೆ ಕಾಣುವುದುಂಟು, ಅಲ್ಲೂ ಎಂಪಿವಿ ಬಣ್ಣ ಚೆನ್ನಾಗಿ ಹೊಂದಿಸುತ್ತದೆ. ಮೆನು ಇರುವ, ಹಳೆ ಲ್ಯಾಪ್‌ಟಾಪಿಗೆ ಹೊಂದುವ ಪ್ಲೇಯರ್ ಬೇಕಾದರೆ ಎಂಪಿಸಿ-ಎಚ್‌ಸಿ ಹಾಕಿ. ಅದರ ಮೂಲ ತಂಡ 2017ರಲ್ಲಿ ನಿಲ್ಲಿಸಿತು, ಆದರೆ ಬೇರೆಯವರು ಮುಂದುವರಿಸಿರುವ ಆವೃತ್ತಿ ಸಿಗುತ್ತದೆ, ಅದನ್ನೇ ತಗೊಳ್ಳಿ.

ಈ ಮೂರಕ್ಕೂ ಹೊರಗಿನ ಕೋಡೆಕ್ ಬೇಡ. ಎಫ್‌ಎಫ್‌ಎಂಪೆಗ್ ಅನ್ನುವ ಮುಕ್ತ ತಂತ್ರಾಂಶದ ಡಿಕೋಡರ್‌ಗಳು ಅವುಗಳ ಹೊಟ್ಟೆಯಲ್ಲೇ ಇವೆ. ಕೋಡೆಕ್ ಪ್ಯಾಕ್ ಅನ್ನುವುದು ವಿಂಡೋಸ್ ಎಕ್ಸ್‌ಪಿ ಕಾಲದ ಮಾತು. ಆಗ ವಿಂಡೋಸ್ ಮೀಡಿಯಾ ಪ್ಲೇಯರ್‌ಗೆ ಡಿವ್ಎಕ್ಸ್ ಅನ್ನುವ ಕೋಡೆಕ್ ಕೂಡ ಗೊತ್ತಿರಲಿಲ್ಲ, ಹಾಗಾಗಿ ಹಾಕಲೇಬೇಕಿತ್ತು. ಎರಡು ಪ್ಯಾಕ್ ಹಾಕಿದರೆ ಒಂದಕ್ಕೊಂದು ಜಗಳ ಆಡುತ್ತಿದ್ದವು. ಈಗ ಆ ಹೆಸರಲ್ಲಿ ಸಿಗುವುದರಲ್ಲಿ ವೈರಸ್ ಕಟ್ಟಿಕೊಟ್ಟವೂ ಇವೆ. ವಿಎಲ್‌ಸಿಯನ್ನೂ ಅದನ್ನು ಮಾಡುವ ವಿಡಿಯೋಲ್ಯಾನ್‌ನವರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ.

ಇನ್ನೊಂದು ವಿಷಯ ನಮ್ಮ ಕೆಲಸದವರು ಸಾಮಾನ್ಯವಾಗಿ ಹೇಳುವುದಿಲ್ಲ. ಇಲ್ಲಿ ಮದುವೆ ಶೂಟ್ ಮಾಡುವುದು ಹೆಚ್ಚಾಗಿ 25 ಅಥವಾ 50 ಫ್ರೇಮ್‌ನಲ್ಲಿ. ಲ್ಯಾಪ್‌ಟಾಪ್ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ. 60ನ್ನು 25ರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ. ಹಾಗಾಗಿ ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ಕಾಣುತ್ತದೆ. ಧಾರೆ ಮಂಟಪದಿಂದ ಜನರ ಕಡೆಗೆ ಕ್ಯಾಮೆರಾ ನಿಧಾನಕ್ಕೆ ತಿರುಗುವ ಶಾಟ್ ನೋಡಿ, ಕಂಬಗಳು ಸಣ್ಣಗೆ ತಡವರಿಸುತ್ತವೆ. ‘ಲಾಸ್ಟ್’ ಸೊನ್ನೆ ಇದ್ದೂ ಹೀಗಾದರೆ ನಿಮ್ಮ ಮಷಿನ್‌ದು ತಪ್ಪಿಲ್ಲ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಹಾಕಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 50 ಹರ್ಟ್ಜ್ ಆರಿಸಿ. ಎಷ್ಟು ನಯವಾಗುತ್ತದೆ ಅಂತ ನಿಮಗೇ ಕಾಣುತ್ತದೆ.

ಟಿವಿ ಅಂದಾಗ ನೆನಪಾಯಿತು, ಮನೆಯಲ್ಲಿ 4ಕೆ ಟಿವಿ ಇದ್ದರೆ ಲ್ಯಾಪ್‌ಟಾಪ್‌ನ ಗೊಡವೆಯೇ ಬೇಡ. 4ಕೆ ಟಿವಿಗಳಲ್ಲಿ ಎಚ್‌ಇವಿಸಿ ಸರ್ಕ್ಯೂಟ್ ಇದ್ದೇ ಇರುತ್ತದೆ ಅನ್ನಬಹುದು. ಪೆನ್‌ಡ್ರೈವ್ ನೇರ ಚುಚ್ಚಿ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಬೇಕು. ಕೆಲವು ಟಿವಿ ಎಕ್ಸ್‌ಫ್ಯಾಟ್ ಓದುವುದಿಲ್ಲ. ಹೊರಗಿನಿಂದ ತಂದ ಸಿನಿಮಾ ಫೈಲ್‌ಗಳಲ್ಲಿ ಚಿತ್ರ ಬಂದು ಧ್ವನಿ ಬರದಿದ್ದರೆ ಅದು ಎಷ್ಟೋ ಟಿವಿಗಳು ಓಡಿಸದ ಡಿಟಿಎಸ್ ಮಾದರಿಯ ಆಡಿಯೋ ಆಗಿರಬಹುದು. ಮದುವೆ ವಿಡಿಯೋದಲ್ಲಿ ಆ ಸಮಸ್ಯೆ ಬರುವುದಿಲ್ಲ.

ಲ್ಯಾಪ್‌ಟಾಪಿನಲ್ಲೇ ನೋಡುವುದಾದರೆ ಫೈಲ್ ಅನ್ನು ಮೊದಲು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವಿಡಿಯೋಗೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಬೇಕು. ಅಗ್ಗದ ಪೆನ್‌ಡ್ರೈವ್ ಅಲ್ಲಿಗೇ ಏದುಸಿರು ಬಿಡುತ್ತದೆ. ಚಾರ್ಜರ್ ಹಾಕಿಕೊಂಡೇ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇಲ್ಲದೆ ಬ್ಯಾಟರಿಯಲ್ಲಿ ನೋಡುವುದೇ ಜಾಸ್ತಿ. ಬ್ಯಾಟರಿ ಸೇವರ್ ಆನ್ ಆಗಿದ್ದರೆ ಪ್ರೊಸೆಸರ್ ವೇಗ ತಾನಾಗಿಯೇ ಇಳಿದಿರುತ್ತದೆ. ಹಾಸಿಗೆ, ಕಂಬಳಿಯ ಮೇಲೆ ಇಟ್ಟರೆ ಗಾಳಿ ಹೋಗುವ ದಾರಿ ಮುಚ್ಚಿ ಬಿಸಿಯಾಗಿಯೂ ಇಳಿಯುತ್ತದೆ.

ಜೋಗಕ್ಕೆ ಹೋದಾಗ ಫೋನ್‌ನಲ್ಲಿ ತೆಗೆದ ವಿಡಿಯೋ ಕೂಡ ಚೌಕ ಚೌಕವಾಗಿ ಒಡೆಯುತ್ತದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದರ ಕಾರಣ ಬೇರೆ. ಕೋಡೆಕ್ ಪ್ರತಿ ಫ್ರೇಮನ್ನೂ ಪೂರ್ತಿ ಬರೆದುಕೊಳ್ಳುವುದಿಲ್ಲ. ಹಿಂದಿನ ಫ್ರೇಮ್‌ಗಿಂತ ಏನು ಬದಲಾಯಿತು, ಯಾವುದು ಎತ್ತ ಸರಿಯಿತು ಅಷ್ಟನ್ನೇ ಬರೆಯುತ್ತದೆ. ಮನೆ ಜಗಲಿಯಲ್ಲಿ ಅಜ್ಜ ಕೂತು ಮಾತಾಡುವ ವಿಡಿಯೋದಲ್ಲಿ ಬದಲಾಗುವುದು ಬಾಯಿ, ಕೈ ಅಷ್ಟೆ. ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳುವ ನೀರು, ಮೇಲೇಳುವ ಹನಿ, ಗಾಳಿಗೆ ಅಲ್ಲಾಡುವ ಎಲೆ, ಮೇಲಿಂದ ಮಳೆ. ಒಂದು ಫ್ರೇಮ್‌ನ ಹನಿ ಮುಂದಿನ ಫ್ರೇಮ್‌ನಲ್ಲಿ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಫೋನ್ ಇಟ್ಟುಕೊಂಡಿರುವ ಬಿಟ್‌ರೇಟ್ ಸಾಕಾಗದೆ ವಿವರ ಅಳಿಸಿ ಚೌಕ ಮಾಡುತ್ತದೆ. ಯಕ್ಷಗಾನದಲ್ಲಿ ವೇಷಧಾರಿ ಮಂಡಿ ಹಾಕಿ ಗಿರಕಿ ಹೊಡೆಯುವಾಗ ಮಿಂಚುವ ಕಿರೀಟ, ಭುಜಕೀರ್ತಿ ಕಲಸಿಹೋಗುವುದೂ ಇದಕ್ಕೇ. ಶೂಟ್ ಮಾಡುವಾಗಲೇ ಕಳೆದುಹೋದದ್ದನ್ನು ಯಾವ ಪ್ಲೇಯರ್‌ಗೂ ತರಲು ಆಗುವುದಿಲ್ಲ. ಮುಂದಿನ ಸಲ ಕ್ಯಾಮೆರಾ ಆ್ಯಪ್‌ನಲ್ಲಿ ಬಿಟ್‌ರೇಟ್ ಏರಿಸುವ ಅವಕಾಶ ಇದ್ದರೆ ಏರಿಸಿ, ಫೋನನ್ನು ಕಟಕಟೆಗೆ ಒರಗಿಸಿ ಅಲ್ಲಾಡದ ಹಾಗೆ ಹಿಡಿಯಿರಿ. 60 ಫ್ರೇಮ್ ಬದಲು 30 ಇಟ್ಟರೆ ಒಂದೊಂದು ಫ್ರೇಮ್‌ಗೆ ಹೆಚ್ಚು ಜಾಗ ಸಿಗಬಹುದು.

ಯೂಟ್ಯೂಬ್ ಜರ್ಕ್ ಆದಾಗ ಗುಂಡಗೆ ಸುತ್ತುವ ಚಕ್ರ ಬಂದರೆ ಅದು ನೆಟ್‌ವರ್ಕ್. ಚಕ್ರ ಇಲ್ಲದೆ ಚಿತ್ರ ಮಾತ್ರ ತಡೆದರೆ ಮಷಿನ್. ಆಗ ಬ್ರೌಸರ್‌ಗೆ ಎಚ್264ಇಫೈ ಎಕ್ಸ್‌ಟೆನ್ಷನ್ ಹಾಕಿ. ಅದು ವಿಪಿ9, ಎವಿ1 ಬಿಟ್ಟು ಎಚ್.264 ಅನ್ನೇ ಕೇಳುತ್ತದೆ. ಆದರೆ ಗುಣಮಟ್ಟ 1080ಪಿವರೆಗೆ ಮಾತ್ರ, ನಿಮ್ಮ ಪರದೆಗೆ ಅಷ್ಟು ಸಾಕು.

ಈಗ ನಿಮ್ಮ ಮದುವೆ ಫೈಲ್‌ಗೆ ಬರೋಣ. ಅದು ಎಚ್‌ಇವಿಸಿಯೇ ಆಗಿದ್ದರೆ ನೀವು ಮಾಡಬೇಕಾದ್ದು ಒಂದು ಫೋನ್ ಕರೆ. ಸ್ಟುಡಿಯೋದವರಿಗೆ ಹೀಗೆ ಹೇಳಿ: “ಎಚ್.264, 8 ಬಿಟ್, 1080ಪಿ, 25 ಫ್ರೇಮ್, 15ರಿಂದ 20 ಎಂಬಿಪಿಎಸ್, ಎಎಸಿ ಆಡಿಯೋ, ಎಂಪಿ4, ಇನ್ನೊಂದು ಕಾಪಿ ಹಾಕಿಕೊಡಿ.” ಶೂಟ್ 50 ಫ್ರೇಮ್‌ನದ್ದಾದರೆ 50 ಅನ್ನಿ. ಪ್ರಾಜೆಕ್ಟ್ ಅವರ ಕಂಪ್ಯೂಟರ್‌ನಲ್ಲಿ ಇರುವವರೆಗೆ ಇದು ದೊಡ್ಡ ಕೆಲಸವೇ ಅಲ್ಲ. ಸೀಸನ್ ಮುಗಿದ ಮೇಲೆ ಜಾಗಕ್ಕಾಗಿ ಅಳಿಸುತ್ತೇವೆ, ಆದಷ್ಟು ಬೇಗ ಕೇಳಿ. ಕ್ಯಾಮೆರಾದ ಮೂಲ ಕ್ಲಿಪ್‌ಗಳನ್ನೂ ಹಾರ್ಡ್‌ಡಿಸ್ಕ್‌ಗೆ ಹಾಕಿಸಿಕೊಂಡರೆ ಅವು 10 ಬಿಟ್, 4:2:2 (ಬಣ್ಣದ ವಿವರ ಹೆಚ್ಚಿರುವ ಮಾದರಿ) ಇರಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲೂ ಬಹಳಷ್ಟಕ್ಕೆ ಅದನ್ನು ಬಿಡಿಸುವ ಸರ್ಕ್ಯೂಟ್ ಇಲ್ಲ, ಅವು ತಡವರಿಸಿದರೆ ಹೆದರಬೇಡಿ.

ಸ್ಟುಡಿಯೋದವರು ಸಿಗದಿದ್ದರೆ ವಿಡಿಯೋವನ್ನು ಬೇರೆ ಕೋಡೆಕ್‌ಗೆ ಕನ್ವರ್ಟ್ ಮಾಡುವ ಹ್ಯಾಂಡ್‌ಬ್ರೇಕ್ ಪ್ರೋಗ್ರಾಂ ಹಾಕಿಕೊಳ್ಳಿ, ಉಚಿತ. ‘ಫಾಸ್ಟ್ 1080ಪಿ30’ ಪ್ರೀಸೆಟ್ ಆರಿಸಿ, ಫ್ರೇಮ್ ರೇಟ್ ಮೂಲದಲ್ಲಿ ಇದ್ದಷ್ಟೇ ಇರಲಿ ಅಂತ ಕೊಡಿ, ಗುಣಮಟ್ಟದ ಆರ್‌ಎಫ್ 20ರ ಹತ್ತಿರ ಇಡಿ. ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ನಿಮ್ಮ ಐ3ಗೆ ಮೂರು ಗಂಟೆ ವಿಡಿಯೋ ಅಂದರೆ ರಾತ್ರಿಯೆಲ್ಲ ಹಿಡಿಯುವ ಕೆಲಸ, ಅದಕ್ಕೂ ಜಾಸ್ತಿ ಆದೀತು. ಕರೆಂಟ್ ನಂಬುವಂತಿಲ್ಲದ ದಿನ ಶುರುಮಾಡಬೇಡಿ. ನಡುವೆ ಆಫ್ ಆದರೆ ಮತ್ತೆ ಮೊದಲಿಂದ ಮಾಡಬೇಕು. ಮೊದಲು ಐದು ನಿಮಿಷದ ತುಂಡು ಮಾಡಿ, ಮನೆಯವರಿಗೆ ತೋರಿಸಿ, ಸರಿ ಅನ್ನಿಸಿದ ಮೇಲೆ ಪೂರ್ತಿ ಹಾಕಿ.

ಹೊಸ ಕಾಪಿ ಬಂತು ಅಂತ 4ಕೆ ಮೂಲವನ್ನು ಮಾತ್ರ ದಯವಿಟ್ಟು ಅಳಿಸಬೇಡಿ. ಒಮ್ಮೆ ಒತ್ತಿದ್ದನ್ನು ಮತ್ತೆ ಒತ್ತಿದಾಗ ಕಳೆಯುವ ವಿವರ ತಿರುಗಿ ಬರುವುದಿಲ್ಲ. ಪೆನ್‌ಡ್ರೈವ್ ನಂಬಿಕೊಂಡು ಇರಬೇಡಿ. ಒಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲಿ ನಿಮ್ಮ ಹತ್ತಿರ, ಇನ್ನೊಂದು ತಂಗಿಯ ಮನೆಯಲ್ಲಿ ಇರಲಿ. ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ. ಮೀಡಿಯಾಇನ್ಫೋದಲ್ಲಿ ಬಂದ ಕೋಡೆಕ್, ಬಿಟ್ ಡೆಪ್ತ್, ಬಿಟ್‌ರೇಟ್ ಮೂರನ್ನೂ ಇಲ್ಲಿ ಬರೆದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಅದು ನೇರ ಓಡುತ್ತದಾ, ಕನ್ವರ್ಟ್ ಮಾಡಲೇಬೇಕಾ ಅಂತ ಹೇಳುತ್ತೇನೆ.