ಸರೋವರದಲ್ಲಿ ಬ್ರೌನ್ ಟ್ರೌಟ್ ಮೀನು ಎಲ್ಲಿರುತ್ತದೆ, ಏನು ತಿನ್ನುತ್ತದೆ? ನಮ್ಮ ಕೊಡಗಿನ ಹಾರಂಗಿ ಜಲಾಶಯದಲ್ಲಿ ಬದುಕೀತೇ?

ಹೆಚ್ಚಾಗಿ ದಡದ ಹತ್ತಿರ, ಕಲ್ಲು ಹಾಸಿರುವ ಕಡಿಮೆ ಆಳದ ನೀರಿನಲ್ಲಿ ಮೇಯುತ್ತದೆ. ಹಾರಂಗಿಯಲ್ಲಿ ಅದು ನೆಲೆಸಲಾರದು, ನೀರು ಅದಕ್ಕೆ ಬಿಸಿಯಾಯಿತು.

ದಡವೇ ಏಕೆಂದರೆ, ಬೆಳಕು. ಟ್ರೌಟ್ ಕಣ್ಣಿಂದ ನೋಡಿ ಬೇಟೆಯಾಡುವ ಮೀನು. ಬಿಸಿಲು ತಳ ಮುಟ್ಟುವಲ್ಲಿ ಪಾಚಿ ಬೆಳೆಯುತ್ತದೆ, ಪಾಚಿಯನ್ನು ನಂಬಿ ಬಸವನಹುಳು, ನೀರಹುಳುಗಳು ಸೇರುತ್ತವೆ. ಮಳೆಗಾಲ ಕಳೆದ ಮೇಲೆ ನಿಮ್ಮ ಕಾಫಿ ತೋಟದ ತೋಡಿನಲ್ಲಿ ಒಂದು ಕಲ್ಲು ಮಗುಚಿ ನೋಡಿ. ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ, ಉಗುರಿನಷ್ಟುದ್ದದ ಕೊಳವೆ ಕಟ್ಟಿಕೊಂಡ ಹುಳು ಅಡಿಯಲ್ಲಿ ಕಂಡೀತು. ಎಷ್ಟು ಅಚ್ಚುಕಟ್ಟಾದ ಕೆಲಸ ಅದು! ಯುರೋಪಿನ ಸರೋವರಗಳಲ್ಲಿ ಟ್ರೌಟ್ ಇದೇ ಬಳಗದ ಹುಳುಗಳನ್ನು ಕೊಳವೆ ಸಮೇತ ನುಂಗುತ್ತದೆ.

ಬೇಸಿಗೆಯಲ್ಲಿ ನೀರಿನ ಮೇಲೆ ಬಿದ್ದ ಕೀಟಗಳನ್ನೂ ಹಿಡಿಯುತ್ತದೆ. ಮರಿಗಳು ದಡದ ಮರೆ ಬಿಡುವುದಿಲ್ಲ. ದೊಡ್ಡವು ನಡುನೀರಿಗೂ ಹೋಗುತ್ತವೆ, ಅವುಗಳಲ್ಲಿ ಕೆಲವು ಸಣ್ಣ ಮೀನುಗಳನ್ನೇ ತಿನ್ನತೊಡಗುತ್ತವೆ. ದಡದ ನೀರು ಕಾದರೆ ತಂಪು ಹುಡುಕಿ ಆಳಕ್ಕಿಳಿಯುತ್ತವೆ.

ಈ ಮೀನಿಗೆ ಹಿತವೆನಿಸುವುದು ಸುಮಾರು 12ರಿಂದ 16 ಡಿಗ್ರಿ ಸೆಲ್ಸಿಯಸ್. 20 ದಾಟಿದರೆ ಮೇಯುವುದು ಕಡಿಮೆಯಾಗುತ್ತದೆ, 25ರ ಆಸುಪಾಸಿನಲ್ಲಿ ಜೀವಕ್ಕೇ ಕುತ್ತು. ಮೊಟ್ಟೆಯಿಡಲು ಇನ್ನೂ ತಣ್ಣನೆಯ, ಜಲ್ಲಿಕಲ್ಲಿನ ತೊರೆ ಬೇಕು. ಬ್ರಿಟಿಷರ ಕಾಲದಲ್ಲಿ ಕಾಶ್ಮೀರಕ್ಕೆ ತಂದ ಟ್ರೌಟ್ ಅಲ್ಲಿ ಬೇರೂರಿದ್ದು ಹಿಮ ಕರಗಿ ಹರಿಯುವ ಅಂಥ ತೊರೆಗಳಿಂದಾಗಿ. ಕೊಡಗಿನ ಹೊಳೆಗಳು ಚಳಿಗಾಲದಲ್ಲೂ ಅಷ್ಟು ತಣ್ಣಗಾಗುವುದಿಲ್ಲ.