ಉಜ್ಜ ಸತ್ತದ್ದು ಯಾಕೆ ಅಂತ ಮಕ್ಕಳಿಗೆ ಹೇಳೋದು ಹೇಗೆ?

ಉಜ್ಜ ಸತ್ತದ್ದು ಅನ್ಯಾಯ ಅಲ್ಲವೇ ಅಂತ ಮಕ್ಕಳು ಕೇಳುತ್ತಿದ್ದರೆ, ಬೈಬಲಿನ 2 ಸಮುವೇಲ 6 ಒಂದನ್ನೇ ಓದಿಸಿದ್ದರಿಂದ ಈ ಗೊಂದಲ ಆಗಿರಬೇಕು. ದಾವೀದ ರಾಜ ದೇವರ ಮಂಜೂಷವನ್ನು (ಒಡಂಬಡಿಕೆಯ ಪವಿತ್ರ ಪೆಟ್ಟಿಗೆ) ಬಂಡಿಯಲ್ಲಿ ತರಿಸುವಾಗ ಎತ್ತುಗಳು ಮುಗ್ಗರಿಸಿದವು, ಬೀಳುವ ಮಂಜೂಷವನ್ನು ಹಿಡಿದ ಉಜ್ಜನೇ ಸತ್ತ. ಅಷ್ಟೇ ಕೇಳಿದರೆ ಯಾವ ಮಗುವಿಗೂ ಅನ್ಯಾಯ ಅನಿಸುತ್ತದೆ. ನಮ್ಮ ಸಂಡೇ ಸ್ಕೂಲಿನಲ್ಲೂ ಇದೇ ಪ್ರಶ್ನೆ ಬಂದಿತ್ತು.

ಮೊದಲು ವಿಮೋಚನಕಾಂಡ 25 ಓದಿಸಿ. ಮಂಜೂಷಕ್ಕೆ ಬಳೆಗಳು, ಬಳೆಗಳೊಳಗೆ ಚಿನ್ನ ಹೊದಿಸಿದ ಕೋಲುಗಳು. ಆ ಕೋಲುಗಳನ್ನು ತೆಗೆಯಲೇಬಾರದು. ಅಂದರೆ ಮುಟ್ಟದೆ ಹೊರುವ ವ್ಯವಸ್ಥೆ ಅದರಲ್ಲೇ ಇತ್ತು, ಇದನ್ನು ಚಿತ್ರ ಬರೆದು ತೋರಿಸಿ. ಆಮೇಲೆ ಅರಣ್ಯಕಾಂಡ 4: ಯಾಜಕರು ಮೊದಲು ತೆರೆಯಿಂದ, ಅದರ ಮೇಲೆ ತೊಗಲಿನಿಂದ, ಕೊನೆಗೆ ನೀಲಿ ಬಟ್ಟೆಯಿಂದ ಮುಚ್ಚಬೇಕು. ಹೊರುವ ಕೆಹಾತ್ಯರು (ದೇವರ ಗುಡಾರದ ಸೇವೆ ಮಾಡುವ ಲೇವಿ ಕುಲದ ಒಂದು ಮನೆತನ) ಕೂಡ ಮುಟ್ಟಿದರೆ ಸಾಯುವರು ಅಂತ ಅಲ್ಲೇ ಎಚ್ಚರಿಕೆ ಇದೆ. 7ನೇ ಅಧ್ಯಾಯದಲ್ಲಿ ಉಳಿದ ಲೇವಿಯರಿಗೆ ಬಂಡಿ ಸಿಗುತ್ತದೆ, ಕೆಹಾತ್ಯರಿಗೆ ಮಾತ್ರ ಇಲ್ಲ. ಅವರದು ಹೆಗಲ ಮೇಲಿನ ಕೆಲಸ.

ಹಾಗಾದರೆ ಬಂಡಿ ಎಲ್ಲಿಂದ ಬಂತು? 1 ಸಮುವೇಲ 6 ನೋಡಿ. ಮಂಜೂಷವನ್ನು ಹಿಡಿದೊಯ್ದಿದ್ದ ಶತ್ರುಗಳಾದ ಫಿಲಿಷ್ಟಿಯರು ಅದನ್ನು ಹೊಸ ಬಂಡಿಯಲ್ಲಿಟ್ಟು ವಾಪಸ್ ಕಳಿಸಿದ್ದರು. ದಾವೀದ ಅದನ್ನೇ ನೋಡಿ ಹಾಗೆ ಮಾಡಿದನೇ ಅಂತ ಗ್ರಂಥ ಹೇಳುವುದಿಲ್ಲ, ಇದು ನನ್ನ ಊಹೆ.

ಕೊನೆಗೆ 1 ಪೂರ್ವಕಾಲವೃತ್ತಾಂತ 15 ತಪ್ಪದೇ ಓದಿಸಿ. ನಿಯಮದ ಪ್ರಕಾರ ನಡೆಯದ್ದರಿಂದ ಹೀಗಾಯಿತು ಅಂತ ದಾವೀದನೇ ಒಪ್ಪಿಕೊಂಡು, ಎರಡನೇ ಸಲ ಲೇವಿಯರ ಹೆಗಲ ಮೇಲೆ ತರಿಸುತ್ತಾನೆ.

ಇಷ್ಟಾದರೂ ಉಜ್ಜನ ಸಾವು ಕಠಿಣವೇ ಅನಿಸುತ್ತದೆ. ಅದನ್ನು ಮಕ್ಕಳೆದುರು ಮುಚ್ಚಿಡಬೇಡಿ. ದಾವೀದನಿಗೂ ಮೊದಲು ಸಿಟ್ಟು, ಆಮೇಲೆ ಭಯ ಬಂತು ಅಂತ ಅಲ್ಲೇ ಬರೆದಿದೆ, ಅದನ್ನೂ ಓದಿ ಹೇಳಿ.