ಗೊಡ್ಡು ಅನ್ನೋ ಮಾತು

ಇದೇ ಮಾತಿನಿಂದ ನೊಂದು ನನ್ನ ಹತ್ತಿರ ಸಲಹೆಗೆ ಬರೋರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ.

ಮಂಡ್ಯ ಕಡೆಯ ಜೋಡಿ. ಮದುವೆಯಾಗಿ ನಾಲ್ಕು ವರ್ಷ, ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕ್ತಾರೆ. ಮಕ್ಕಳಾಗಿಲ್ಲ. ಅತ್ತೆ ಸೊಸೆಯನ್ನು "ಗೊಡ್ಡು" ಅಂತಾರೆ. ಸೊಸೆಗೆ ಸ್ಕ್ಯಾನು, ರಕ್ತಪರೀಕ್ಷೆ, ಹರಕೆ ಎಲ್ಲಾ ಆಗಿದೆ. ಗಂಡನಿಗೆ ಒಂದೂ ಇಲ್ಲ.

"ಅವ್ವಂದು ಬಾಯಿ ಅಷ್ಟೇ, ಮನಸ್ಸಲ್ಲೇನಿಲ್ಲ. ಊರಲ್ಲೆಲ್ಲಾ ಅನ್ನೋ ಮಾತೇ ತಾನೆ" ಅಂದರು ಗಂಡ. ನಿಜ, ಗೊಡ್ಡು ಹರಟೆ, ಗೊಡ್ಡುಸಾರು ಅಂತ ನಾವೂ ಸುಮ್ನೆ ಅಂತೀವಿ. ಅಷ್ಟು ಹೊತ್ತು ತಲೆ ಬಗ್ಗಿಸಿ ಕೂತಿದ್ದ ಆಕೆ ಆಗ ಬಾಯಿಬಿಟ್ಟರು: "ಹೋದ ವರ್ಷ ಗಬ್ಬ ನಿಲ್ಲದ ಹಸೂನ ಏನ್ಮಾಡಿದ್ರಿ? ಸಂತೆಗೆ ಹೊಡೆದ್ರಿ."

ಮೇವು ದಂಡ, ಮಾರಿಬಿಡು. ಕೊಟ್ಟಿಗೆಯಲ್ಲಿ ಆ ಪದಕ್ಕೆ ಇರೋ ಅರ್ಥ ಇದು, ಆಕೆಗೆ ಕೇಳಿಸುತ್ತಿದ್ದದ್ದೂ ಇದೇ.

ಸಂತೆಗೆ ಹೊಡೆಯೋ ಮುಂಚೆ ಏನೇನು ನೋಡಿದ್ರಿ ಅಂತ ನಾನು ಕೇಳಿದೆ. ಆತ ಹುರುಪಿನಿಂದ ಹೇಳಿದರು: ಬೆಳಿಗ್ಗೆ ಬೆದೆಗೆ ಬಂದ್ರೆ ಸಂಜೆ ಗಬ್ಬಕ್ಕೆ ಹೋರಿ ವೀರ್ಯದ ಇಂಜೆಕ್ಷನ್ ಕೊಡಿಸ್ತೀವಿ, 21 ದಿನಕ್ಕೆ ತಿರುಗಿ ಬೆದೆಗೆ ಬರುತ್ತಾ ನೋಡ್ತೀವಿ, ಡಾಕ್ಟರನ್ನ ಕರೆಸ್ತೀವಿ, ಎರಡು ಮೂರು ಸಲ ನಿಲ್ಲದಿದ್ರೆ ಬೇರೆ ಹೋರೀದು ಹಾಕಿಸ್ತೀವಿ... ಅಷ್ಟಕ್ಕೇ ಮಾತು ನಿಂತುಹೋಯಿತು. "ಅಂದ್ರೆ ಹೋರಿ ಮೇಲೂ ಅನುಮಾನ ಬರುತ್ತೆ, ಅಲ್ವಾ?" ಅಂದೆ.

ಮನುಷ್ಯರನ್ನು ದನಕ್ಕೆ ಹೋಲಿಸಬೇಡಿ ಅನ್ನಬೇಕಾದ ನೀವೇ ಹೋಲಿಸಿದಿರಲ್ಲ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನನಗೂ ಅಳುಕಿತ್ತು. ಆದರೆ ಪಾಠ ಹೇಳಿದ್ದರೆ ಆತ ತಲೆಯಾಡಿಸಿ ಎದ್ದು ಹೋಗುತ್ತಿದ್ದರು, ಇದು ಅವರೇ ಆಡಿದ ಮಾತು.

ಹೇಳಿದ್ದು ಎರಡೇ. ಮೊದಲು ಗಂಡನ ವೀರ್ಯಪರೀಕ್ಷೆ ಆಗಲಿ. ಗಾಯವಿಲ್ಲ, ನೋವಿಲ್ಲ, ಖರ್ಚೂ ಕಡಿಮೆ, ಮತ್ತೆ ಮಕ್ಕಳಾಗದ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಇನ್ನೊಂದು, ಆ ಪದ ಮನೆಯಲ್ಲಿ ಕೂಡದು ಅಂತ ಅತ್ತೆಗೆ ಹೇಳಬೇಕಾದವರು ಮಗ. ಸೊಸೆ ಹೇಳಿದರೆ ಅದು ಜಗಳ ಆಗುತ್ತೆ.

ವರದಿ ಏನು ಬಂತು ಅಂತ ಇಲ್ಲಿ ಬರೆಯಲ್ಲ. ಬರೆದರೆ, "ಓಹೋ, ಗೊಡ್ಡು ಅವನೇನಾ" ಅನ್ನೋರು ಇದ್ದೇ ಇರ್ತಾರೆ.